ಬೀಳುವುದನ್ನು ಕಲಿಸುವವರು ಬೇಕು

(ದೈಹಿಕ ಶಿಕ್ಷಕರು, ಪೋಷಕರು ಮತ್ತು ಕ್ರೀಡಾ ಆಡಳಿತಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಇಲ್ಲಿಗೆ ಕರೆದವರು ಮುಂಚೆಯೇ ಒಂದು ಕೋರಿಕೆ ಕಳಿಸಿದ್ದರು. "ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸನ್ನು ಇಡೀ ದೇಶದ ಆಟವಾಗಿ ಬೆಳೆಸಬೇಕೆಂದಿದ್ದೇವೆ. ಮೊದಲು ಯಾವ ಯಾವ ಸಲಕರಣೆ ತರಿಸಬೇಕು, ಒಂದು ಪಟ್ಟಿ ಕೊಡಿ" ಎಂದು. ಪಟ್ಟಿ ಬರೆಯಲು ಕೂತೆ. ಹುಡುಗರಿಗೆ ಆರು: ಫ್ಲೋರ್ (ಲಾಗ ಹಾಕುವ ನೆಲಹಾಸು), ಪಾಮೆಲ್ ಹಾರ್ಸ್ (ಮೇಲೆ ಎರಡು ಹಿಡಿಗಳಿರುವ ದಿಮ್ಮಿ), ರಿಂಗ್ಸ್ (ನೇತಾಡುವ ಎರಡು ಬಳೆ), ವಾಲ್ಟ್ (ಓಡಿಬಂದು ಕೈ ಊರಿ ಹಾರುವ ಮೇಜು), ಪ್ಯಾರಲಲ್ ಬಾರ್ಸ್, ಹಾರಿಜಾಂಟಲ್ ಬಾರ್. ಹುಡುಗಿಯರಿಗೆ ನಾಲ್ಕು: ವಾಲ್ಟ್, ಅನ್‌ಈವನ್ ಬಾರ್ಸ್, ಬೀಮ್ (ಎತ್ತರದಲ್ಲಿ ನಿಲ್ಲಿಸಿದ ಕಿರಿದಾದ ತೊಲೆ), ಫ್ಲೋರ್. ಬರೆದು ಮುಗಿಸಿ ಹಾಳೆ ನೋಡುತ್ತಾ ಕೂತಾಗ ಮನಸ್ಸಿಗೆ ಕಸಿವಿಸಿಯಾಯಿತು. ಇದಿಷ್ಟೂ ಇದ್ದು, ಎರಡೇ ವರ್ಷಕ್ಕೆ ಒಂದು ಮಗುವೂ ಉಳಿಯದ ಹಾಲ್‌ಗಳನ್ನು ನಾನು ನೋಡಿದ್ದೇನೆ. ಇದರಲ್ಲಿ ಅರ್ಧವೂ ಇಲ್ಲದೆ ಮಕ್ಕಳು ಕಿಕ್ಕಿರಿದ ಹಾಲ್‌ಗಳನ್ನೂ ನೋಡಿದ್ದೇನೆ. ಒಳಗೆ ನಿಂತು ಕಲಿಸುತ್ತಿದ್ದವರು ಬೇರೆ ಬೇರೆ, ಅಷ್ಟೇ ವ್ಯತ್ಯಾಸ. ಅದಕ್ಕೇ ಆ ಪಟ್ಟಿಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ಅದರ ಸರದಿ ಬಂದಾಗ ತೆಗೆಯುತ್ತೇನೆ.

ಹೊಸ ಮಗುವಿಗೆ ಮೊದಲ ದಿನ ಏನು ಕಲಿಸುತ್ತೀರಿ ಎಂದು ಪೋಷಕರು ಕೇಳುತ್ತಾರೆ. "ಬೀಳುವುದನ್ನು" ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಹಿಂದಕ್ಕೆ ಬೀಳುವಾಗ ಯಾರಿಗಾದರೂ ಕೈ ತಾನಾಗಿಯೇ ಹಿಂದೆ ಹೋಗುತ್ತದೆ. ಅಂಗೈ ನೆಲಕ್ಕೆ ಊರುತ್ತದೆ, ಮೊಣಕೈ ನೆಟ್ಟಗೆ ಸೆಟೆದು ನಿಲ್ಲುತ್ತದೆ, ಇಡೀ ದೇಹದ ಭಾರ ಆ ಒಂದು ಕೀಲಿನ ಮೇಲೆ ಬಂದು ಕೂರುತ್ತದೆ. ಮಕ್ಕಳ ಮೊಣಕೈ, ಮಣಿಕಟ್ಟು ಮುರಿಯುವುದು ಬಹಳ ಸಲ ಹೀಗೇ. ಈ ಅಭ್ಯಾಸವನ್ನು ಬಿಡಿಸಬೇಕು. ಮೊದಲು ಮ್ಯಾಟ್ ಮೇಲೆ ಕೂತಲ್ಲಿಂದಲೇ ಹಿಂದಕ್ಕೆ ಉರುಳುವುದು: ಗದ್ದ ಎದೆಗೆ ತಾಗಿರಬೇಕು, ಬೆನ್ನು ದುಂಡಗಿರಬೇಕು, ಎರಡೂ ಕೈ ಎದೆಯ ಮೇಲೆ. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ಮಾಡುವುದು. ಆಮೇಲೆ ನಿಂತು. ಆಮೇಲೆ ಮೊಣಕಾಲೆತ್ತರದ ಪೆಟ್ಟಿಗೆಯ ಮೇಲಿಂದ ಹಿಂದಕ್ಕೆ ಇಳಿದು, ಕಾಲು ತಾಗಿದ ಕೂಡಲೇ ಉರುಳಿಕೊಳ್ಳುವುದು. ಮಕ್ಕಳಿಗೆ ಇದು ಆಟ, ನಕ್ಕು ನಕ್ಕು ಬೀಳುತ್ತಾರೆ. ಆದರೆ ಆರು ವರ್ಷದಲ್ಲಿ ದೇಹಕ್ಕೆ ಇಳಿದ ಈ ಪಾಠ ಹದಿನಾರರಲ್ಲಿ, ಬಾರ್‌ನಿಂದ ಕೈ ಜಾರಿದ ಅರೆಗಳಿಗೆಯಲ್ಲಿ, ಯೋಚಿಸಲು ಸಮಯವೇ ಇಲ್ಲದಾಗ ತಾನಾಗಿ ಮೇಲೆದ್ದು ಬರುತ್ತದೆ.

ಬೀಳುವುದು ಬಂದ ಮೇಲೆ, ಜಿಗಿದು ಇಳಿದು ನಿಲ್ಲುವ ಪಾಠ. ಪೆಟ್ಟಿಗೆಯಿಂದ ಜಿಗಿದಾಗ ಪಾದಗಳ ನಡುವೆ ಸೊಂಟದಷ್ಟು ಅಂತರ, ಮೊಣಕಾಲು ಬಾಗಿರಬೇಕು, ಆದರೆ ಒಂದಕ್ಕೊಂದು ಒಳಗೆ ಕುಸಿಯಬಾರದು. ಎದೆ ಸ್ವಲ್ಪ ಮುಂದೆ, ಕೈ ಮುಂದೆ, ಮೂರು ಎಣಿಸುವ ತನಕ ಅಲುಗಾಡಬಾರದು. ನೋಡುವವರಿಗೆ ಬೇಜಾರು ಬರಿಸುವ ಪಾಠ ಇದು. ಒಂದು ಸಂಜೆಗೆ ನಲವತ್ತು ಸಲ, ತಿಂಗಳುಗಟ್ಟಲೆ. ನೆಲ ಮುಟ್ಟುವಾಗ ದೇಹದ ತೂಕದ ಹಲವು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಮೆತ್ತಗಿನ ಎಲುಬು ಇರುತ್ತದೆ, ಎತ್ತರ ಬೆಳೆಯುವುದು ಅಲ್ಲಿಂದಲೇ. ತಪ್ಪಾಗಿ ಇಳಿದರೆ ಪೆಟ್ಟು ಅಲ್ಲಿಗೇ. ಈ ಬೇಜಾರಿನ ಪಾಠವನ್ನು ಬೇಜಾರಿಲ್ಲದೆ ಕಲಿಸಬಲ್ಲ ಒಬ್ಬರು ನಿಮ್ಮ ಹಾಲ್‌ನಲ್ಲಿದ್ದರೆ ದೇಶದ ಜಿಮ್ನಾಸ್ಟಿಕ್ಸ್ ಅಲ್ಲಿ ಶುರುವಾಗಿದೆ ಎಂದೇ ಲೆಕ್ಕ.

ಇದಕ್ಕೂ ಪದಕಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. 2016ರ ರಿಯೊ ಒಲಿಂಪಿಕ್ಸ್ ವಾಲ್ಟ್ ಫೈನಲ್ ತೆಗೆದುಕೊಳ್ಳೋಣ. ಭಾರತದ ದೀಪಾ ಕರ್ಮಾಕರ್ 15.066 ಅಂಕ ಪಡೆದು ನಾಲ್ಕನೆಯವರಾದರು. ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ ಅವರದು 15.216. ಅಂತರ 0.150. ವಾಲ್ಟ್ ಫೈನಲ್‌ನಲ್ಲಿ ಎರಡು ಜಿಗಿತಗಳ ಸರಾಸರಿಯನ್ನು ಕೊಡುತ್ತಾರೆ, ಹಾಗಾಗಿ ಎರಡೂ ಸೇರಿಸಿದರೆ ಅಂತರ 0.3. ನೆಲ ಮುಟ್ಟುವಾಗ ಒಂದು ಬಹಳ ದೊಡ್ಡ ಹೆಜ್ಜೆ ಇಟ್ಟರೆ ತೀರ್ಪುಗಾರರು ಕಳೆಯುವುದು ಅಷ್ಟೇ. ದೀಪಾ ಮಾಡಿದ ಪ್ರೊಡುನೋವಾ ಆಗ ಹೆಣ್ಣುಮಕ್ಕಳ ವಾಲ್ಟ್‌ಗಳಲ್ಲೇ ಅತಿ ಕಷ್ಟದ್ದು, ಅದರ ಕಷ್ಟದ ಮೌಲ್ಯ 7.0. ಕೈ ಊರಿ ಮೇಲೆದ್ದು, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ ಹಾಕಿ, ನೆಲ ಕಣ್ಣಿಗೆ ಬೀಳುವ ಮೊದಲೇ ಕಾಲಿನ ಮೇಲೆ ಇಳಿಯಬೇಕು. ಅವರು ಇಳಿದರು, ಆದರೆ ತೀರಾ ತಗ್ಗಾಗಿ, ಹೆಚ್ಚುಕಡಿಮೆ ಕೂತಂತೆ. ಅಗರ್ತಲಾದಲ್ಲಿ ಬಿಶ್ವೇಶ್ವರ ನಂದಿ ಎಂಬ ಒಬ್ಬ ಕೋಚ್ ಜೊತೆ, ಹಿಂದೆ ಯಾವ ದೊಡ್ಡ ವ್ಯವಸ್ಥೆಯ ಬೆನ್ನಾಸರೆಯೂ ಇಲ್ಲದೆ, ಒಬ್ಬ ಹುಡುಗಿ ಅಲ್ಲಿಯವರೆಗೆ ಹೋದದ್ದು ನೆನೆದಾಗೆಲ್ಲ ನನ್ನ ಕಣ್ಣು ತುಂಬುತ್ತದೆ. ಆ ಸಾಧನೆಯಲ್ಲಿ ಕೊರತೆ ಹುಡುಕಲು ಈ ಲೆಕ್ಕ ಹೇಳುತ್ತಿಲ್ಲ. ಒಬ್ಬರೇ ತಮ್ಮ ಧೈರ್ಯದಿಂದ ಕಷ್ಟದ ಮೌಲ್ಯವನ್ನು ಏರಿಸಿಕೊಳ್ಳಬಹುದು. ಉಳಿದ ಆ 0.3 ಮಾತ್ರ ಚಿಕ್ಕಂದಿನಿಂದ ಸಿಗುವ ಮೆತ್ತನೆಯ ಪಿಟ್‌ನಿಂದ (ಫೋಮ್ ತುಂಬಿದ ಗುಂಡಿ), ಸಾವಿರಾರು ಸಲದ ಇಳಿತದಿಂದ, ಜೊತೆಗೆ ಓಡುವ ಹತ್ತು ಗೆಳತಿಯರಿಂದ, ನೂರಾರು ಸ್ಪರ್ಧೆಗಳಿಂದ ಬರುವಂಥದ್ದು. ಒಂದು ದೇಶ ತನ್ನ ಮಕ್ಕಳಿಗೆ ಕೊಡಬೇಕಾದ್ದು ಅದನ್ನೇ.

ಇನ್ನು ಸಮಯದ ಮಾತು. ನಾಲ್ಕು ವರ್ಷದ ಯೋಜನೆ ಹಿಡಿದು ಬರುವವರಿಗೆ ನಾನು ಒಂದು ಸಣ್ಣ ಲೆಕ್ಕ ತೋರಿಸುತ್ತೇನೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ, ಒಲಿಂಪಿಕ್ಸ್‌ನ ಮೊದಲ ಪೂರ್ಣ 10 ಪಡೆದಾಗ ರೊಮೇನಿಯಾದ ನಾದಿಯಾ ಕೊಮನೆಚಿಗೆ 14 ವರ್ಷ. ಇವತ್ತಿನ ನಿಯಮದಲ್ಲಿ ಆಕೆಗೆ ಒಲಿಂಪಿಕ್ಸ್‌ನಲ್ಲಿ ಜಾಗವೇ ಇಲ್ಲ. 1997ರಿಂದ ಹಿರಿಯರ ಸ್ಪರ್ಧೆಗೆ ಇಳಿಯಬೇಕಾದರೆ ಹುಡುಗಿಗೆ ಆ ವರ್ಷದೊಳಗೆ 16 ತುಂಬಬೇಕು. ಆರು ವರ್ಷಕ್ಕೆ ಶುರುಮಾಡಿದ ಮಗುವಿಗೆ ಹತ್ತು ವರ್ಷದ ದಾರಿ. ಅಷ್ಟರಲ್ಲಿ ಸರಕಾರ ಎರಡು ಸಲ ಬದಲಾಗಿರುತ್ತದೆ, ಒಕ್ಕೂಟದ ಪದಾಧಿಕಾರಿಗಳು ಮೂರು ಸಲ. ಮಗು ಮಾತ್ರ ಅದೇ ಹಾಲ್‌ಗೆ ಅದೇ ಸಂಜೆ ಬರುತ್ತಿರಬೇಕು. ಅದೂ 16ಕ್ಕೆ ಮುಗಿಯುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದಾಗ ಅಮೆರಿಕದ ಸಿಮೋನ್ ಬೈಲ್ಸ್‌ಗೆ 27. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ 1992ರ ಬಾರ್ಸಿಲೋನಾದಿಂದ 2021ರಲ್ಲಿ ನಡೆದ ಟೋಕಿಯೊವರೆಗೆ ಎಂಟು ಒಲಿಂಪಿಕ್ಸ್ ಆಡಿದರು, ಕೊನೆಯದರಲ್ಲಿ ಅವರಿಗೆ 46. ಜಿಮ್ನಾಸ್ಟಿಕ್ಸ್ ಪುಟ್ಟ ಹುಡುಗಿಯರ ಆಟ, ಹದಿನೈದು ದಾಟಿದರೆ ಮುಗಿಯಿತು ಎಂಬ ಮಾತನ್ನು ದಯವಿಟ್ಟು ಇನ್ನು ಬಿಡೋಣ. ಆ ಮಾತು ಎಷ್ಟೋ ಮಕ್ಕಳನ್ನು ಅವಸರಕ್ಕೆ ದೂಡಿ ಕೆಡಿಸಿದೆ.

ಬೇರೆ ಬೇರೆ ದೇಶಗಳು ಏನು ಮಾಡಿದವು ನೋಡೋಣ. ನಾನು ರೊಮೇನಿಯಾದಿಂದ ಶುರುಮಾಡುತ್ತೇನೆ, ಯಾಕೆಂದರೆ ಅದು ಕಟ್ಟುವ ಕಥೆಯೂ ಹೌದು, ಕುಸಿಯುವ ಕಥೆಯೂ ಹೌದು. 1976ರಿಂದ 2012ರವರೆಗೆ ನಡೆದ ಹತ್ತು ಒಲಿಂಪಿಕ್ಸ್‌ಗಳಲ್ಲೂ ಅವರ ಮಹಿಳಾ ತಂಡ ಪದಕ ತಂದಿತು. ತರಬೇತಿ ಕೇಂದ್ರಗಳಿದ್ದ ಒನೆಶ್ಟಿ, ದೇವಾ ಎಂಬ ಚಿಕ್ಕ ಊರುಗಳ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. 2016ರಲ್ಲಿ ಅದೇ ದೇಶಕ್ಕೆ ತಂಡವಾಗಿ ಅರ್ಹತೆಯೇ ಸಿಗಲಿಲ್ಲ. ಇದು ಒಂದೇ ದಿನದಲ್ಲಿ ಆದದ್ದಲ್ಲ. 1989ರಲ್ಲಿ ಆಡಳಿತ ಬದಲಾದ ನಂತರ ಕೋಚ್‌ಗಳು ಒಬ್ಬೊಬ್ಬರಾಗಿ ಬೇರೆ ದೇಶಗಳಿಗೆ ಹೋದರು. ಮೇಲಿನ ಕೇಂದ್ರ ಇತ್ತು, ಹೆಸರಿತ್ತು, ಪದಕಗಳೂ ಬರುತ್ತಲೇ ಇದ್ದವು, ಕೆಳಗೆ ಮಾತ್ರ ಸದ್ದಿಲ್ಲದೆ ಬರಿದಾಗುತ್ತಿತ್ತು. ನನಗೆ ಇದರಲ್ಲಿ ಕಾಣುವ ಭಯ ಇದು: ಬುಡ ಒಣಗಿದ ಮೇಲೂ ಮರ ಕೆಲವು ವರ್ಷ ಹಸಿರಾಗೇ ಕಾಣುತ್ತದೆ. ಪದಕದ ಪಟ್ಟಿ ನೋಡಿ ಆರೋಗ್ಯ ಅಳೆದವರಿಗೆ ಗೊತ್ತಾಗುವಷ್ಟರಲ್ಲಿ ಹತ್ತು ವರ್ಷ ತಡವಾಗಿರುತ್ತದೆ. 2024ರಲ್ಲಿ ರೊಮೇನಿಯಾ ಮತ್ತೆ ಪೂರ್ತಿ ತಂಡದೊಂದಿಗೆ ಒಲಿಂಪಿಕ್ಸ್‌ಗೆ ಬಂತು. ಆ ಹುಡುಗಿಯರು ಫೈನಲ್‌ನ ನೆಲದ ಮೇಲೆ ಸಾಲಾಗಿ ನಿಂತದ್ದನ್ನು ನೋಡಿ ನನಗೆ ಬಹಳ ಸಮಾಧಾನವಾಯಿತು.

ಬ್ರೆಜಿಲ್ ಬೇರೆ ದಾರಿ ಹಿಡಿಯಿತು. 2000ದ ದಶಕದ ಆರಂಭದಲ್ಲಿ ಉಕ್ರೇನಿನ ಕೋಚ್ ಓಲೆಗ್ ಒಸ್ತಾಪೆಂಕೊ ಅವರನ್ನು ಕರೆಸಿ ಕುರಿಟಿಬಾದಲ್ಲಿ ಹುಡುಗಿಯರ ರಾಷ್ಟ್ರೀಯ ತಂಡಕ್ಕೆ ಕಾಯಂ ನೆಲೆ ಮಾಡಿದರು. 2003ರಲ್ಲಿ ದಾಯಾನೆ ದೊಸ್ ಸಾಂತೊಸ್ ಫ್ಲೋರ್‌ನಲ್ಲಿ ವಿಶ್ವ ಚಾಂಪಿಯನ್ ಆದರು, ಆ ದೇಶಕ್ಕೆ ಅದು ಮೊದಲು. 2012ರಲ್ಲಿ ರಿಂಗ್ಸ್‌ನಲ್ಲಿ ಆರ್ಥರ್ ಜಾನೆಟ್ಟಿ ಒಲಿಂಪಿಕ್ ಚಿನ್ನ ಗೆದ್ದರು. ಟೋಕಿಯೊದಲ್ಲಿ ರೆಬೆಕಾ ಆಂದ್ರಾಜಿ ವಾಲ್ಟ್ ಚಿನ್ನ ಗೆದ್ದರು, 2024ರಲ್ಲಿ ಫ್ಲೋರ್ ಚಿನ್ನ. ತಂಡವಾಗಿ ಮೊದಲ ಒಲಿಂಪಿಕ್ ಪದಕ, ಕಂಚು, ಬಂದದ್ದೂ 2024ರಲ್ಲೇ. ಅಂದರೆ ಶುರುವಿನಿಂದ ತಂಡದ ಪದಕಕ್ಕೆ ಇಪ್ಪತ್ತು ವರ್ಷಕ್ಕೂ ಮಿಗಿಲು. ರೆಬೆಕಾ ಶ್ರೀಮಂತರ ಮನೆಯ ಮಗುವಲ್ಲ. ಗ್ವಾರುಲ್ಯೋಸ್ ನಗರದಲ್ಲಿ ಮಕ್ಕಳಿಗಾಗಿ ನಡೆಯುತ್ತಿದ್ದ ಒಂದು ಸಾಮಾಜಿಕ ಯೋಜನೆಯಲ್ಲಿ ಆಕೆ ಮೊದಲು ಮ್ಯಾಟ್ ಮೇಲೆ ಕಾಲಿಟ್ಟದ್ದು. ಮುಂದೆ ಮೂರು ಸಲ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಮೊದಲ ಶಸ್ತ್ರಚಿಕಿತ್ಸೆಯಾದ ಕೂಡಲೇ "ಇನ್ನು ಇವಳಿಂದ ಆಗದು" ಎಂದು ಹೆಸರು ಹೊಡೆದುಹಾಕುವ ವ್ಯವಸ್ಥೆ ಅದಾಗಿದ್ದರೆ ಇವತ್ತು ನಾವು ಆಕೆಯ ಹೆಸರನ್ನೇ ಕೇಳಿರುತ್ತಿರಲಿಲ್ಲ. ಕೋಚ್‌ಗಳನ್ನು ಹೊರಗಿನಿಂದ ಕರೆಸುವುದು ತಪ್ಪಲ್ಲ. ಆದರೆ ಅವರ ಪಕ್ಕದಲ್ಲಿ ನಿಮ್ಮ ಐದಾರು ಯುವ ಕೋಚ್‌ಗಳು ದಿನವೂ ನಿಂತಿರಬೇಕು. ಹಾಗಿಲ್ಲದಿದ್ದರೆ ಅವರು ಹೊರಟ ದಿನ ವಿದ್ಯೆಯೂ ಅವರ ಪೆಟ್ಟಿಗೆಯಲ್ಲೇ ಹೊರಟುಹೋಗುತ್ತದೆ.

ಫಿಲಿಪ್ಪೀನ್ಸ್‌ನ ಕಾರ್ಲೊಸ್ ಯೂಲೊ ಪ್ಯಾರಿಸ್‌ನಲ್ಲಿ ಎರಡು ದಿನಕ್ಕೆ ಎರಡು ಚಿನ್ನ ಗೆದ್ದದ್ದು ನಿಮಗೆ ನೆನಪಿರಬಹುದು. ಜಪಾನಿನ ಕೋಚ್ ಮುನೆಹಿರೊ ಕುಗಿಮಿಯಾ ಕೈಯಲ್ಲಿ, ಹದಿಹರೆಯದಲ್ಲೇ ಜಪಾನಿಗೆ ಹೋಗಿ ಕಲಿತ ಹುಡುಗ. ಅಂಥ ಗೆಲುವು ಬಂದ ವಾರ ದೇಶದ ಎಲ್ಲ ಜಿಮ್‌ಗಳ ಬಾಗಿಲಲ್ಲಿ ಮಕ್ಕಳು ಸಾಲುಗಟ್ಟುತ್ತಾರೆ. ಆಗ ಒಳಗೆ ಕಲಿಸುವವರು ಇಲ್ಲದಿದ್ದರೆ ಮೂರೇ ತಿಂಗಳಲ್ಲಿ ಸಾಲು ಕರಗುತ್ತದೆ. ತಾರೆ ಹುಟ್ಟುವುದು ನಮ್ಮ ಕೈಲಿಲ್ಲ, ಆ ಮಕ್ಕಳಿಗೆ ಬಾಗಿಲು ತೆರೆದಿಡುವುದು ನಮ್ಮ ಕೈಲಿದೆ.

ಜಪಾನಿನದು ನನಗೆ ಬಲು ಇಷ್ಟದ ಉದಾಹರಣೆ. 1960ರಿಂದ 1976ರವರೆಗೆ ಅವರ ಪುರುಷರ ತಂಡ ಸತತ ಐದು ಒಲಿಂಪಿಕ್ ಚಿನ್ನ ಗೆದ್ದಿತು. ಆಮೇಲೆ ದೀರ್ಘ ಬರ. 2004ರಲ್ಲಿ ಮತ್ತೆ ಚಿನ್ನ, 2016ರಲ್ಲಿ, 2024ರಲ್ಲಿ. ಬರಗಾಲದಲ್ಲೂ ಅವರ ಶಾಲೆ, ವಿಶ್ವವಿದ್ಯಾಲಯಗಳ ಕ್ಲಬ್‌ಗಳು ಮುಚ್ಚಲಿಲ್ಲ, ಊರಿನ ಸಣ್ಣ ಜಿಮ್‌ಗಳು ನಡೆಯುತ್ತಲೇ ಇದ್ದವು. ಕೊಹೆ ಉಚಿಮುರಾ 2009ರಿಂದ 2016ರವರೆಗೆ ನಡೆದ ವಿಶ್ವ ಮತ್ತು ಒಲಿಂಪಿಕ್ ಆಲ್‌ರೌಂಡ್ (ಎಲ್ಲ ಸಲಕರಣೆಗಳ ಅಂಕ ಸೇರಿಸುವ) ಸ್ಪರ್ಧೆಗಳಲ್ಲಿ ಸೋಲನ್ನೇ ಕಾಣಲಿಲ್ಲ. ಅವರು ಬೆಳೆದದ್ದು ಅಪ್ಪ ಅಮ್ಮ ನಡೆಸುತ್ತಿದ್ದ ಜಿಮ್‌ನಲ್ಲಿ. ಜಪಾನ್ ಎಂದಾಗ ಇನ್ನೊಂದು ಕಥೆಯನ್ನೂ ಹೇಳುತ್ತಾರೆ: 1976ರಲ್ಲಿ ಶುನ್ ಫುಜಿಮೊಟೊ ಮಂಡಿಚಿಪ್ಪು ಒಡೆದಿದ್ದರೂ ರಿಂಗ್ಸ್ ಮಾಡಿ, ನೆಲಕ್ಕೆ ಹಾರಿ ನಿಂತ ಕಥೆ. ಆ ಮನುಷ್ಯನ ಎದೆಗಾರಿಕೆಗೆ ನಮಸ್ಕಾರ. ಆದರೆ ಅದನ್ನು ಮಕ್ಕಳಿಗೆ ಮಾದರಿಯೆಂದು ಹೇಳಬೇಡಿ ಎಂದು ನಾನು ಕೋಚ್‌ಗಳಲ್ಲಿ ಕೈಮುಗಿದು ಕೇಳುತ್ತೇನೆ. ನೋವಿದ್ದರೆ ಹೇಳು ಎನ್ನುವ ಪಾಠವೇ ನಮ್ಮ ಮಕ್ಕಳಿಗೆ ಬೇಕಾದದ್ದು.

ಈಗ ಹೇಳುವ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಕ್ಷಮಿಸಿ. ಬ್ರಿಟನ್ ಪದಕಗಳ ಮಟ್ಟಿಗೆ ಅಚ್ಚರಿಯ ಕಥೆ. ರಾಷ್ಟ್ರೀಯ ಲಾಟರಿಯ ಹಣ ಕ್ರೀಡೆಗೆ ಬರತೊಡಗಿದ ಮೇಲೆ ಕೋಚ್‌ಗಳಿಗೆ ಸಂಬಳ, ಜಿಮ್‌ಗಳಿಗೆ ಸಲಕರಣೆ ಸಿಕ್ಕಿತು. 2012ರಲ್ಲಿ ಅವರ ಪುರುಷರ ತಂಡ ಕಂಚು ಗೆದ್ದಿತು, ಪುರುಷರಿಗೆ ಹಿಂದಿನ ತಂಡದ ಪದಕ ಬಂದು ಸರಿಯಾಗಿ ನೂರು ವರ್ಷ ಆಗಿತ್ತು. 2016ರಲ್ಲಿ ಮ್ಯಾಕ್ಸ್ ವಿಟ್ಲಾಕ್ ಒಂದೇ ದಿನ ಎರಡು ಚಿನ್ನ ಗೆದ್ದರು. ಎಲ್ಲರೂ ಆ ಮಾದರಿಯನ್ನು ಹೊಗಳಿದೆವು, ನಾನೂ ಹೊಗಳಿದೆ. 2022ರಲ್ಲಿ, ಅಲ್ಲಿನ ಜಿಮ್ನಾಸ್ಟಿಕ್ಸ್‌ನಲ್ಲಿ ಮಕ್ಕಳನ್ನು ನಡೆಸಿಕೊಂಡ ರೀತಿಯ ತನಿಖೆ ಮಾಡಿದ ವೈಟ್ ವರದಿ ಪ್ರಕಟವಾಯಿತು. ಮಕ್ಕಳಿಗೆ ಊಟ, ನೀರು ಕೊಡದೆ ಇದ್ದದ್ದು, ಶೌಚಕ್ಕೆ ಹೋಗಲು ಬಿಡದೆ ಇದ್ದದ್ದು, ಗಾಯವಿದ್ದಾಗಲೂ ತರಬೇತಿ ಮಾಡಿಸಿದ್ದು, ತೂಕದ ವಿಷಯದಲ್ಲಿ ಅವಮಾನಿಸಿದ್ದು ಎಲ್ಲವೂ ಅದರಲ್ಲಿತ್ತು. ಅಮೆರಿಕದಲ್ಲಿ 2018ರ ಜನವರಿಯಲ್ಲಿ, ರಾಷ್ಟ್ರೀಯ ತಂಡದ ವೈದ್ಯನಾಗಿದ್ದವನ ಎದುರು ನೂರೈವತ್ತಕ್ಕೂ ಹೆಚ್ಚು ಮಹಿಳೆಯರು ನ್ಯಾಯಾಲಯದಲ್ಲಿ ಎದ್ದು ನಿಂತು ತಮ್ಮ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹೇಳಿದರು. ಪದಕಗಳ ಎಣಿಕೆಯಲ್ಲಿ ಅಗ್ರಸ್ಥಾನದಲ್ಲಿದ್ದ ದೇಶದಲ್ಲಿ ಇಷ್ಟು ಮಕ್ಕಳ ಮಾತನ್ನು ವರ್ಷಗಟ್ಟಲೆ ಯಾರೂ ಕೇಳಿಸಿಕೊಳ್ಳಲಿಲ್ಲ.

ನಾನು ಚಿಕ್ಕವನಿದ್ದಾಗ ಕಲಿತ ಹಾಲ್‌ನಲ್ಲಿ ಪ್ರತಿ ಸೋಮವಾರ ನಮ್ಮನ್ನು ಸಾಲಾಗಿ ನಿಲ್ಲಿಸಿ ತೂಕ ನೋಡಿ, ಗಟ್ಟಿಯಾಗಿ ಎಲ್ಲರ ಮುಂದೆ ಓದುತ್ತಿದ್ದರು. ಹೆಚ್ಚಾದವರು ಹಾಲ್ ಸುತ್ತ ಓಡಬೇಕು. ನನ್ನ ಜೊತೆಗಿದ್ದ ಒಬ್ಬಳು ಭಾನುವಾರ ಇಡೀ ದಿನ ಏನೂ ತಿನ್ನುತ್ತಿರಲಿಲ್ಲ. ಅವಳಷ್ಟು ಚಂದದ ಹ್ಯಾಂಡ್‌ಸ್ಟ್ಯಾಂಡ್ (ಕೈ ಊರಿ ತಲೆಕೆಳಗಾಗಿ ನಿಲ್ಲುವುದು) ನಾನು ಆಮೇಲೆ ಬಹಳ ಕಡಿಮೆ ನೋಡಿದ್ದೇನೆ. ಹನ್ನೆರಡು ತುಂಬುವ ಮೊದಲೇ ಬಿಟ್ಟುಹೋದಳು. ಆಗ ನಮಗೆಲ್ಲ ಅದು ಶಿಸ್ತು ಅನ್ನಿಸಿತ್ತು.

ನಾನು ಕೋಚ್ ಆದ ಮೇಲೆ ಮಾಡಿದ ತಪ್ಪನ್ನೂ ಹೇಳಬೇಕು. ಒಬ್ಬ ಹುಡುಗಿ ಬೀಮ್ ಮೇಲೆ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಹಾರಿ, ಕೈ ಊರಿ, ಮತ್ತೆ ಕಾಲ ಮೇಲೆ ಬರುವುದು) ಕಲಿತು ಎರಡು ತಿಂಗಳಾಗಿತ್ತು. ಒಂದು ಸಂಜೆ "ಇವತ್ತು ಬೇಡ ಸರ್, ಯಾಕೋ ಆಗ್ತಿಲ್ಲ" ಎಂದಳು. ಸ್ಪರ್ಧೆ ಹತ್ತಿರವಿತ್ತು. ನಿನ್ನೆ ಮಾಡಿದ್ದೀಯಲ್ಲ, ಒಂದೇ ಒಂದು ಮಾಡು ಎಂದೆ. ಕೈ ಅರ್ಧ ಬೀಮ್ ಮೇಲೆ, ಅರ್ಧ ಗಾಳಿಯಲ್ಲಿ ಬಿತ್ತು. ಮೊಣಕೈ ಸರಿಹೋಗಲು ಮೂರು ತಿಂಗಳು ಹಿಡಿಯಿತು. ನನ್ನ ಕಣ್ಣು ನೋಡಿ ಮಾತನಾಡಲು ಅವಳಿಗೆ ಅದಕ್ಕಿಂತ ಹೆಚ್ಚು ದಿನ ಬೇಕಾಯಿತು. ಟೋಕಿಯೊದಲ್ಲಿ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತಿರುಗುವಾಗ ತಾನು ಎಲ್ಲಿದ್ದೇನೆಂದೇ ತಿಳಿಯುತ್ತಿಲ್ಲ ಎಂದು ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದಾಗ ಎಷ್ಟೋ ಜನ ಟೀಕಿಸಿದರು. ನನಗೆ ನೆನಪಾದದ್ದು ಆ ಸಂಜೆ. ದಿಕ್ಕಿನ ಅರಿವು ತಪ್ಪಿದ ದೇಹ ಕುತ್ತಿಗೆಯ ಮೇಲೆ ಇಳಿಯಬಹುದು. "ಇವತ್ತು ಬೇಡ" ಎಂಬ ಮಾತು ಬಂದರೆ ಕೋಚ್ ಸುಮ್ಮನೆ ಕೆಳಗಿನ ಮೆಟ್ಟಿಲಿಗೆ ಇಳಿಸಬೇಕು: ಎತ್ತರದ ಬೀಮ್‌ನಿಂದ ತಗ್ಗಿನ ಬೀಮ್‌ಗೆ, ಅಲ್ಲಿಂದ ನೆಲದ ಮೇಲಿನ ಗೆರೆಗೆ. ಬೈಲ್ಸ್ ಹಿಂದೆ ಸರಿದದ್ದರಿಂದಲೇ ಮೂರು ವರ್ಷದ ನಂತರ ಮರಳಿ ಬರಲು ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ.

ಆದ್ದರಿಂದ ಯೋಜನೆಯ ಮೊದಲ ಪುಟದಲ್ಲೇ ಕೆಲವು ನಿಯಮಗಳಿರಲಿ. ತರಬೇತಿ ತೆರೆದ ಬಾಗಿಲಿನ ಹಾಲ್‌ನಲ್ಲಿ ನಡೆಯಬೇಕು, ಪೋಷಕರು ಕೂತು ನೋಡಬಹುದು. ಮಗುವಿನ ಜೊತೆ ಯಾವ ದೊಡ್ಡವರೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ತೂಕದ ವಿಷಯ ಬೇಕಾದರೆ ವೈದ್ಯರು ನೋಡಿಕೊಳ್ಳಲಿ, ಕೋಚ್ ಅಲ್ಲ. ದೂರು ಕೇಳುವ ವ್ಯಕ್ತಿ ಒಕ್ಕೂಟದ ಹೊರಗಿನವರಾಗಿರಬೇಕು. ಆಸರೆ ಕೊಡುವಾಗ ಕೈ ಎಲ್ಲಿಡುತ್ತೇನೆ ಎಂದು ಕೋಚ್ ಮೊದಲೇ ಮಗುವಿಗೆ ಹೇಳಬೇಕು.

ಆ ಆಸರೆಯ ಕೈ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಕಲಿಸುವಾಗ ಕೋಚ್ ಪಕ್ಕದಲ್ಲಿ ಮಂಡಿಯೂರಿ ಕೂರುತ್ತಾರೆ. ಒಂದು ಕೈ ಸೊಂಟದ ಹಿಂದೆ, ಇನ್ನೊಂದು ತೊಡೆಯ ಹಿಂಭಾಗಕ್ಕೆ. ಮೊದಲ ವಾರಗಳಲ್ಲಿ ಆ ಕೈ ಮಗುವನ್ನು ನಿಜವಾಗಿಯೂ ಎತ್ತಿ ದಾಟಿಸುತ್ತದೆ. ತಿಂಗಳಾದ ಮೇಲೆ ಬರೀ ತಾಗುತ್ತದೆ. ಇನ್ನೂ ಕೆಲವು ದಿನಕ್ಕೆ ಒಂದು ಬೆರಳಗಲ ದೂರದಲ್ಲಿ ಗಾಳಿಯಲ್ಲೇ ಸಾಗುತ್ತದೆ, ಮಗುವಿಗೆ ಅದು ಇದೆ ಎಂದು ಗೊತ್ತಿದ್ದರೆ ಸಾಕು. ಯಾವ ದಿನ ಕೈಯನ್ನು ಪೂರ್ತಿ ತೆಗೆಯಬೇಕೆಂದು ಯಾವ ಕೈಪಿಡಿಯೂ ಹೇಳುವುದಿಲ್ಲ. ಅದು ಸಾವಿರ ಮಕ್ಕಳಿಗೆ ಕಲಿಸಿದ ಅಂಗೈಗೆ ಗೊತ್ತಿರುತ್ತದೆ. ಇಂಥ ಅಂಗೈ ತಯಾರಾಗಲು ಹತ್ತು ವರ್ಷ ಬೇಕು. ಈ ಹತ್ತು ವರ್ಷ ಆ ಮನುಷ್ಯ ಇದೇ ಕೆಲಸದಲ್ಲಿ ಇರಬೇಕಾದರೆ ಮನೆ ನಡೆಯುವಷ್ಟು ಸಂಬಳ ಬೇಕು, ಅದೂ ತಿಂಗಳು ತಿಂಗಳು. ಎಲ್ಲ ಕಡೆ ಆಗುವುದು ತಲೆಕೆಳಗು: ಒಲಿಂಪಿಕ್ ತಂಡದ ಕೋಚ್‌ಗೆ ದೊಡ್ಡ ಸಂಬಳ, ಆರು ವರ್ಷದವರಿಗೆ ಕಲಿಸುವವರಿಗೆ ಗೌರವಧನ. ಚಿಕ್ಕ ಮಕ್ಕಳ ಗುಂಪಿಗೆ ಎಲ್ಲರಿಗಿಂತ ಅನುಭವಿಗಳನ್ನು ಹಾಕಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಅಲ್ಲಿ ತಪ್ಪಾಗಿ ಕಲಿತ ಹ್ಯಾಂಡ್‌ಸ್ಟ್ಯಾಂಡನ್ನು ಹದಿನಾರರಲ್ಲಿ ಯಾರೂ ತಿದ್ದಲಾರರು. ತರಬೇತುದಾರರ ತರಬೇತಿಗೆ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಜಿಯ ಅಕಾಡೆಮಿ ಮೂರು ಹಂತಗಳಲ್ಲಿ ನಡೆಯುತ್ತದೆ, ವಯಸ್ಸಿಗೆ ತಕ್ಕ ಪಾಠಕ್ರಮವೂ ಅವರಲ್ಲಿ ಸಿದ್ಧವಿದೆ. ಚಕ್ರವನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ.

ಸ್ಪರ್ಧೆಗಳ ವಿಷಯ. 2006ರಿಂದ ಅಂಕ ಕೊಡುವ ರೀತಿ ಬದಲಾಗಿದೆ. ಕಷ್ಟಕ್ಕೆ ಒಂದು ಅಂಕ, ಅದಕ್ಕೆ ಮೇಲ್ಮಿತಿಯಿಲ್ಲ. ಮಾಡಿದ ಚಂದಕ್ಕೆ ಇನ್ನೊಂದು, 10ರಿಂದ ಕಳೆಯುತ್ತಾ ಬರುವುದು. ಸಣ್ಣ ದೋಷಕ್ಕೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ 1. ಹಿರಿಯರಿಗೆ ಇದು ಸರಿ. ಇದನ್ನೇ ಎಂಟು ವರ್ಷದವರಿಗೆ ಹಾಕಿದರೆ ಕೋಚ್‌ಗಳು ಅಂಕದ ಆಸೆಗೆ ಮಕ್ಕಳಿಂದ ಆಗದ ಲಾಗ ಹಾಕಿಸುತ್ತಾರೆ. ಕಿರಿಯರಿಗೆ ಎಲ್ಲರೂ ಒಂದೇ ಕ್ರಮ ಮಾಡುವ ಹಂತಗಳಿರಲಿ, ಅಲ್ಲಿ ಬೆರಳ ತುದಿಯವರೆಗೆ ನೇರವಾದ ಹ್ಯಾಂಡ್‌ಸ್ಟ್ಯಾಂಡ್ ಮಾಡಿದವರು ಗೆಲ್ಲಲಿ. ಅಮೆರಿಕದ 1ರಿಂದ 10ರ ಹಂತಗಳು ಇಂಥ ಏಣಿ. ಅದರ ಕೊನೆಯಲ್ಲಿ ವಿಶ್ವವಿದ್ಯಾಲಯಗಳ ತಂಡಗಳಿವೆ, ಅಲ್ಲಿ ಇವತ್ತಿಗೂ 10ಕ್ಕೇ ನಿಲ್ಲುವ ಹಳೆಯ ಅಂಕದ ರೀತಿಯೇ ನಡೆಯುತ್ತದೆ. ಒಲಿಂಪಿಕ್ಸ್‌ಗೆ ಹೋಗದ ಹುಡುಗಿಯೂ ಇಪ್ಪತ್ತೆರಡರವರೆಗೆ ಆಡುತ್ತಾಳೆ. ತೀರ್ಪುಗಾರರನ್ನೂ ಕೋಚ್‌ಗಳಷ್ಟೇ ಕಾಳಜಿಯಿಂದ ತಯಾರುಮಾಡಬೇಕು. ತನ್ನ ಕ್ಲಬ್‌ನ ಮಗುವಿಗೆ ಮನೆಯಲ್ಲಿ ಧಾರಾಳವಾಗಿ ಅಂಕ ಕೊಟ್ಟವರು, ಆ ಮಗು ಹೊರಗೆ ಹೋದ ದಿನ ಅದಕ್ಕೆ ಮೋಸ ಮಾಡಿದಂತೆ.

ಈಗ ಜೇಬಿನ ಪಟ್ಟಿ. ಅನುಕ್ರಮವನ್ನು ನಾನು ಬದಲಿಸಿದ್ದೇನೆ. ಮೊದಲು ಮ್ಯಾಟ್‌ಗಳು, ದಪ್ಪನೆಯವು, ಬೇಕಾದಷ್ಟು. ಆಮೇಲೆ ಫೋಮ್ ತುಂಬಿದ ಪಿಟ್. ಆಮೇಲೆ ಅಡಿಯಲ್ಲಿ ಸ್ಪ್ರಿಂಗ್ ಇರುವ, ಸಾಲಾಗಿ ಲಾಗ ಹಾಕುವ ಟಂಬ್ಲಿಂಗ್ ಪಟ್ಟಿ, ಯಾಕೆಂದರೆ ಗಟ್ಟಿ ನೆಲದ ಮೇಲೆ ಮೂರು ವರ್ಷ ಹಾರಿದ ಹಿಮ್ಮಡಿ, ಮೊಣಕಾಲು ಮುಂದೆಂದೂ ಸರಿಯಾಗುವುದಿಲ್ಲ. ಸ್ಪರ್ಧೆಯ 12 ಮೀಟರ್ ಚದರದ ಪೂರ್ತಿ ಫ್ಲೋರ್ ತಡವಾಗಿ ಬಂದರೂ ನಡೆಯುತ್ತದೆ. ಬೀಮ್‌ಗೆ ಮೊದಲ ವರ್ಷ ನೆಲದ ಮೇಲೆ ಎಳೆದ 10 ಸೆಂಟಿಮೀಟರ್ ಅಗಲದ ಗೆರೆ ಸಾಕು. ಆಮೇಲೆ ನೆಲಕ್ಕೆ ತಾಗಿದ ಬೀಮ್, ಆಮೇಲೆ ಮೊಣಕಾಲೆತ್ತರ, ಕೊನೆಗೆ ಸ್ಪರ್ಧೆಯ 125 ಸೆಂಟಿಮೀಟರ್. ಒಂದು ಅಳತೆಪಟ್ಟಿಯೂ ಪಟ್ಟಿಯಲ್ಲಿದೆ, ಅದನ್ನು ಹಗುರವಾಗಿ ಎಣಿಸಬೇಡಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಆಲ್‌ರೌಂಡ್ ಫೈನಲ್ ದಿನ ವಾಲ್ಟನ್ನು 5 ಸೆಂಟಿಮೀಟರ್ ತಗ್ಗಾಗಿ ನಿಲ್ಲಿಸಿದ್ದರು. ಲೋಕದ ಶ್ರೇಷ್ಠ ಹುಡುಗಿಯರು ಒಬ್ಬರಾದ ಮೇಲೊಬ್ಬರು ಬಿದ್ದರು, ರಷ್ಯಾದ ಸ್ವೆಟ್ಲಾನಾ ಖೋರ್ಕಿನಾ ಮಂಡಿಯ ಮೇಲೆ ಬಿದ್ದರು. ಎತ್ತರ ತಪ್ಪಾಗಿದೆ ಎಂದು ಗುರುತಿಸಿದ್ದು ಆಸ್ಟ್ರೇಲಿಯಾದ ಒಬ್ಬ ಸ್ಪರ್ಧಿ, ಅಲಾನಾ ಸ್ಲೇಟರ್. ಅಲ್ಲಿದ್ದ ಅಷ್ಟೂ ದೊಡ್ಡವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ದಿನವೂ ತರಬೇತಿಗೆ ಮೊದಲು ಎತ್ತರ ಅಳೆಯುವುದು, ಬೋಲ್ಟ್, ಕೇಬಲ್ ಮುಟ್ಟಿ ನೋಡುವುದು ಒಬ್ಬರ ಹೊಣೆಯಾಗಿರಲಿ, ಅವರ ಹೆಸರು ಗೋಡೆಯ ಮೇಲಿರಲಿ.

ಸಾವಿರ ಮಕ್ಕಳು ಬಂದರೆ ಒಬ್ಬರೋ ಇಬ್ಬರೋ ಒಲಿಂಪಿಕ್ಸ್ ತಲುಪುತ್ತಾರೆ, ಉಳಿದವರಿಗೆ ಹಾಕಿದ ಹಣ ವ್ಯರ್ಥವಲ್ಲವೇ ಎಂದು ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದರು. ರಷ್ಯಾದ ಯೆಲೆನಾ ಇಸಿನ್‌ಬಯೇವಾ ಹದಿನೈದರವರೆಗೆ ಜಿಮ್ನಾಸ್ಟ್. ಜಿಮ್ನಾಸ್ಟಿಕ್ಸ್‌ಗೆ ಎತ್ತರ ಹೆಚ್ಚಾಯಿತು. ಉದ್ದ ಕೋಲು ಊರಿ ಹಾರುವ ಪೋಲ್ ವಾಲ್ಟ್‌ಗೆ ಹೋದರು, ಎರಡು ಒಲಿಂಪಿಕ್ ಚಿನ್ನ ಗೆದ್ದರು, 2009ರಲ್ಲಿ 5.06 ಮೀಟರ್ ಹಾರಿದರು. ಗಾಳಿಯಲ್ಲಿ ತಲೆಕೆಳಗಾಗಿದ್ದಾಗಲೂ ದಿಕ್ಕು ತಪ್ಪದ ದೇಹವನ್ನು ಅವರಿಗೆ ಕೊಟ್ಟದ್ದು ಆ ಹತ್ತು ವರ್ಷದ ಜಿಮ್. ಡೈವಿಂಗ್‌ಗೂ ಹೀಗೆ ಹೋಗುವವರಿದ್ದಾರೆ. ಯಾವ ಆಟಕ್ಕೂ ಹೋಗದೆ ದೊಡ್ಡವರಾದ ಮೇಲೆ ಜಾರಿ ಬಿದ್ದಾಗ ಮೂಳೆ ಮುರಿದುಕೊಳ್ಳದೆ ಎದ್ದವರನ್ನು ಯಾವ ಪಟ್ಟಿಯಲ್ಲೂ ಎಣಿಸುವುದಿಲ್ಲ, ನಾನು ಎಣಿಸುತ್ತೇನೆ.

ಮಾತು ಶುರುವಾಗುವ ಮೊದಲು ಹಿಂದಿನ ಸಾಲಿನಲ್ಲಿ ಕೂತಿರುವ ತಾಯಿಯೊಬ್ಬರು ನನ್ನ ಬಳಿ ಬಂದು, ಮಗಳಿಗೆ ಒಂಬತ್ತಾಗಿದೆ, ತಡವಾಯಿತೇ ಎಂದು ಕೇಳಿದರು. ಆಗ ಅವಸರದಲ್ಲಿ ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಹೇಳುತ್ತೇನೆ, ಅಮ್ಮಾ: ತಡವಾಗಿಲ್ಲ. ಕರೆದುಕೊಂಡು ಬನ್ನಿ. ಕೂದಲು ಬಿಗಿಯಾಗಿ ಕಟ್ಟಿರಲಿ, ಕಿವಿಯೋಲೆ ತೆಗೆಸಿರಿ, ಬರುವ ಎರಡು ಗಂಟೆ ಮೊದಲು ಚೆನ್ನಾಗಿ ಊಟ ಮಾಡಿರಲಿ. ನೀವೂ ಒಳಗೇ ಕೂತು ನೋಡಿ. ಮತ್ತೆ, ಮೊದಲ ಕೆಲವು ತಿಂಗಳು ಅವಳು ಎತ್ತರದ ಬೀಮ್ ಹತ್ತುವುದಿಲ್ಲ ಎಂದು ಇವತ್ತು ರಾತ್ರಿಯೇ ಅವಳಿಗೆ ಹೇಳಿಬಿಡಿ.